ಕಾಯಿಲೆ ವಾಸಿಯಾಗದ ಬೆಕ್ಕಿಗೆ ಡಾಕ್ಟರ್ ಹುಡುಕುವುದು: ಹಾಸನ, ಚಿಕ್ಕಮಗಳೂರು ಸೀಮೆಯವರಿಗೊಂದು ಮಾರ್ಗದರ್ಶಿ

ಹಾಸನ, ಚಿಕ್ಕಮಗಳೂರು ಜಿಲ್ಲೆಗಳಲ್ಲಿ ಹೋಬಳಿ ಮಟ್ಟದಲ್ಲೂ ದನದ ಆಸ್ಪತ್ರೆಗಳಿವೆ. ಕರು ಅಡ್ಡ ಸಿಕ್ಕಿಕೊಂಡರೆ, ಹಸುವಿನ ಕೆಚ್ಚಲು ಬಾತರೆ ಏನು ಮಾಡಬೇಕೆಂಬುದು ಅಲ್ಲಿನ ಗೋಡಾಕ್ಟ್ರಿಗೆ ನಿದ್ದೆಯಲ್ಲೂ ಗೊತ್ತು. ಆದರೆ 11 ವರ್ಷದ ಬೆಕ್ಕೊಂದು ಎರಡು ತಿಂಗಳಿಂದ ಸೊರಗುತ್ತಿದೆ, ನೀರು ಜಾಸ್ತಿ ಕುಡಿಯುತ್ತಿದೆ, ಊಟ ಮೂಸಿ ಬಿಡುತ್ತಿದೆ ಎಂದು ಹೋದರೆ ಬಹಳ ಕಡೆ ಸಿಗುವುದು ಒಂದು ಆಂಟಿಬಯೋಟಿಕ್, ಒಂದು ಸ್ಟೆರಾಯ್ಡ್, ಒಂದು ಬಿ ಕಾಂಪ್ಲೆಕ್ಸ್ ಇಂಜೆಕ್ಷನ್. ಸ್ಟೆರಾಯ್ಡ್ ಬಿದ್ದ ಮೇಲೆ ಹಸಿವೆ ಕೆರಳುತ್ತದೆ, ಬೆಕ್ಕು ಮೂರು ದಿನ ಚೆನ್ನಾಗಿ ತಿನ್ನುತ್ತದೆ, ಮನೆಯವರಿಗೆ ಸಮಾಧಾನ. ನಾಲ್ಕನೇ ದಿನದಿಂದ ಮತ್ತೆ ಇಳಿಮುಖ. ಹೀಗೆ ನಾಲ್ಕೈದು ಸುತ್ತು ಆಗುವಷ್ಟರಲ್ಲಿ ಮೂತ್ರಪಿಂಡ ಇನ್ನಷ್ಟು ಕೆಟ್ಟಿರುತ್ತದೆ. ಸಕ್ಕರೆ ಕಾಯಿಲೆಯ ಅಂಚಿನಲ್ಲಿದ್ದ ಬೆಕ್ಕಾದರೆ ಅದೇ ಸ್ಟೆರಾಯ್ಡ್ ಅದನ್ನು ಪೂರ್ತಿ ಸಕ್ಕರೆ ಕಾಯಿಲೆಗೆ ದೂಡಿರುತ್ತದೆ.

ತಪ್ಪು ಆ ಡಾಕ್ಟರೊಬ್ಬರದೇ ಎಂದು ಹೇಳಲಾಗದು. ದಿನಕ್ಕೆ ಹತ್ತಾರು ದನ, ಕುರಿ, ಕೋಳಿ ನೋಡುವವರಿಗೆ ಬೆಕ್ಕು ಅಪರೂಪದ ಗಿರಾಕಿ. ಮೂತ್ರಪಿಂಡದ ಸೋಲು, ಸಕ್ಕರೆ ಕಾಯಿಲೆ, ಅಸ್ತಮಾ, ಬಾಯಿಯ ಹಳೇ ಹುಣ್ಣು, ಪದೇಪದೇ ಮೂತ್ರ ಕಟ್ಟುವುದು, ಕರುಳಿನ ಊತ ಇವೆಲ್ಲ ಒಂದು ಭೇಟಿಯಲ್ಲಿ ಮುಗಿಯುವ ಕಾಯಿಲೆಗಳಲ್ಲ. ಇವಕ್ಕೆ ಬೇಕಾದ ಡಾಕ್ಟರನ್ನು ಆರಿಸುವಾಗ ನೋಡಬೇಕಾದ್ದು ಒಂದೇ: ಇವರು ನನ್ನ ಬೆಕ್ಕನ್ನು ತಿಂಗಳುಗಟ್ಟಲೆ ಅಳೆದು, ಬರೆದಿಟ್ಟು, ಹಿಂದಿನದಕ್ಕೆ ಹೋಲಿಸಿ ನೋಡುವವರೇ?

ಒಬ್ಬರು ಸಾಲದು

ನಮ್ಮ ಸೀಮೆಯಲ್ಲಿ ಎಲ್ಲವನ್ನೂ ಬಲ್ಲ ಒಬ್ಬರೇ ಡಾಕ್ಟರ್ ಮನೆ ಹತ್ತಿರ ಸಿಗುತ್ತಾರೆಂದು ಕಾಯಬೇಡಿ. ಇಬ್ಬರನ್ನು ಇಟ್ಟುಕೊಳ್ಳಿ. ಒಬ್ಬರು ಅರ್ಧ ಮುಕ್ಕಾಲು ಗಂಟೆ ದಾರಿಯೊಳಗೆ ಇರಬೇಕು: ರಕ್ತ ತೆಗೆಯಲು, ಡ್ರಿಪ್ ಹಾಕಲು, ಮೂತ್ರ ಕಟ್ಟಿದಾಗ ಕ್ಯಾಥೆಟರ್ ಹಾಕಲು. ಇನ್ನೊಬ್ಬರು ದೂರದಲ್ಲಿದ್ದರೂ ಸರಿ, ಕಾಯಿಲೆ ಯಾವುದೆಂದು ಗುರುತಿಸಿ ಔಷಧಿಯ ದಾರಿ ಹಾಕಿಕೊಡುವವರು. ಈ ಇಬ್ಬರ ನಡುವಿನ ಕೊಂಡಿ ನೀವು ಮತ್ತು ನಿಮ್ಮ ಕೈಯಲ್ಲಿರುವ ಫೈಲು. ಹತ್ತಿರದವರಿಗೆ ಬೆಕ್ಕಿನ ಅನುಭವ ಕಮ್ಮಿ ಇದ್ದರೂ ನಡೆಯುತ್ತದೆ, ದೂರದವರ ಚೀಟಿ ನೋಡಿ "ಸರಿ, ಹಾಗೇ ಮಾಡೋಣ" ಎನ್ನುವ ಮನಸ್ಸಿರಬೇಕು. ಇನ್ನೊಬ್ಬರ ಚೀಟಿ ಕಂಡರೆ ಸಿಡುಕುವವರನ್ನು ಮೊದಲೇ ಬಿಟ್ಟುಬಿಡಿ.

ದೂರದವರು ಎಲ್ಲಿ? ಹಾಸನದಲ್ಲೇ ಪಶುವೈದ್ಯಕೀಯ ಕಾಲೇಜಿದೆ. ಬೀದರ್‌ನ ಕರ್ನಾಟಕ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಸೇರಿದ್ದು. ಕಾಲೇಜಿನ ಜೊತೆಗೆ ಬೋಧನಾ ಆಸ್ಪತ್ರೆಯೂ ಉಂಟು. ಶಿವಮೊಗ್ಗದ ಕಾಲೇಜು, ಬೆಂಗಳೂರಿನ ಹೆಬ್ಬಾಳದ ಕಾಲೇಜು ಇದೇ ವಿಶ್ವವಿದ್ಯಾಲಯದವು. ಚಿಕ್ಕಮಗಳೂರು ಪಟ್ಟಣದವರಿಗೆ ಬೇಲೂರು ಮೇಲೆ ಹಾಸನ ಸುಮಾರು 60 ಕಿ.ಮೀ. ತರೀಕೆರೆ, ನರಸಿಂಹರಾಜಪುರ, ಕೊಪ್ಪದ ಕಡೆಯವರಿಗೆ ಶಿವಮೊಗ್ಗ ಅನುಕೂಲ. ಮೂಡಿಗೆರೆ, ಕೊಟ್ಟಿಗೆಹಾರದವರು ಕೆಲವರು ಚಾರ್ಮಾಡಿ ಇಳಿದು ಮಂಗಳೂರಿಗೆ ಹೋಗುತ್ತಾರೆ. ಬೇಸಿಗೆಯಲ್ಲಿ ಅಡ್ಡಿಯಿಲ್ಲ, ಮಳೆಗಾಲದಲ್ಲಿ ಘಾಟಿಯನ್ನು ನಂಬಿ ಚಿಕಿತ್ಸೆ ಶುರು ಮಾಡಬೇಡಿ.

ಬೋಧನಾ ಆಸ್ಪತ್ರೆಗೆ ಅದರದ್ದೇ ಪದ್ಧತಿ ಇರುತ್ತದೆ. ಮೊದಲು ವಿದ್ಯಾರ್ಥಿಗಳು ವಿವರ ಬರೆದುಕೊಳ್ಳುತ್ತಾರೆ, ಆಮೇಲೆ ಡ್ಯೂಟಿ ಡಾಕ್ಟರ್, ಆಮೇಲೆ ಪ್ರಾಧ್ಯಾಪಕರು. ದಿನಕ್ಕೊಬ್ಬರು ಡ್ಯೂಟಿಯಲ್ಲಿರುವುದರಿಂದ ಪ್ರತಿ ಸಲ ಹೊಸಬರಿಗೆ ಮೊದಲಿನಿಂದ ಹೇಳಬೇಕಾದೀತು. ಆದ್ದರಿಂದ ಮೊದಲ ದಿನವೇ ಕೇಸ್ ನಂಬರ್ ಬರೆದುಕೊಳ್ಳಿ, ಮೆಡಿಸಿನ್ ವಿಭಾಗದ ಯಾರು ಯಾವ ದಿನ ಒಪಿಡಿಯಲ್ಲಿ ಕೂರುತ್ತಾರೆಂದು ಕೇಳಿ, ಮುಂದಿನ ಭೇಟಿಗೂ ವಾರದ ಅದೇ ದಿನ ಆರಿಸಿ. ಹೊತ್ತು ಜಾಸ್ತಿ ಹಿಡಿಯುತ್ತದೆ, ನಿಜ. ಆದರೆ ನಾಲ್ಕು ಜನ ಒಂದೇ ಬೆಕ್ಕಿನ ಬಗ್ಗೆ ಬಾಯಿಬಿಟ್ಟು ಚರ್ಚಿಸುವುದನ್ನು ಕೇಳುವ ಅವಕಾಶ ಖಾಸಗಿ ಕ್ಲಿನಿಕ್ಕಿನಲ್ಲಿ ಸಿಗುವುದಿಲ್ಲ.

ಎಲ್ಲ ಕಾಯಿಲೆಗೂ ಬೆಂಗಳೂರಿಗೆ ಓಡಬೇಕಿಲ್ಲ. ಮೂತ್ರಪಿಂಡ, ಸಕ್ಕರೆ ಕಾಯಿಲೆ, ಮೂತ್ರದ ತೊಂದರೆ ಇವನ್ನು ಜಿಲ್ಲೆಯಲ್ಲೇ ನಿಭಾಯಿಸಬಹುದು. ಹೃದಯದ ಎಕೋ, ಹಲ್ಲಿನ ಎಕ್ಸ್‌ರೇ ತೆಗೆದು ದವಡೆ ಹಲ್ಲುಗಳನ್ನೆಲ್ಲ ಕೀಳಬೇಕಾದ ಬಾಯಿಹುಣ್ಣು, ಕ್ಯಾನ್ಸರ್ ಶಂಕೆ ಇವಕ್ಕೆ ಒಂದು ಸಲವಾದರೂ ದೊಡ್ಡ ಊರಿನ ಸಲಕರಣೆ ಬೇಕು. 1962ಕ್ಕೆ ಫೋನ್ ಮಾಡಿದರೆ ಬರುವ ಪಶು ಆಂಬುಲೆನ್ಸ್ ಮುಖ್ಯವಾಗಿ ಜಾನುವಾರುಗಳಿಗಾಗಿ ಇರುವುದು. ಬೆಕ್ಕಿನ ದೀರ್ಘ ಚಿಕಿತ್ಸೆಯ ಲೆಕ್ಕದಲ್ಲಿ ಅದನ್ನು ಸೇರಿಸಬೇಡಿ.

ಹುಡುಕುವ ಮೊದಲು ಫೈಲು

200 ಪುಟದ ಒಂದು ನೋಟ್‌ಬುಕ್ ಸಾಕು. ಎಡಪುಟದಲ್ಲಿ ದಿನಾಂಕ, ತೂಕ, ತಿಂದದ್ದು, ಕುಡಿದ ನೀರು, ಟ್ರೇಯ ಮರಳಿನಲ್ಲಿ ಮೂತ್ರ ಕಟ್ಟಿದ ಉಂಡೆ ಎಷ್ಟು, ವಾಂತಿ ಆಯಿತೇ. ಬಲಪುಟದಲ್ಲಿ ಕೊಟ್ಟ ಔಷಧಿ ಮತ್ತು ಹೊತ್ತು. ರಿಪೋರ್ಟ್‌ಗಳನ್ನು ದಿನಾಂಕದ ಪ್ರಕಾರ ಪ್ಲಾಸ್ಟಿಕ್ ಫೋಲ್ಡರಿಗೆ ಹಾಕಿ, ಪ್ರತಿಯೊಂದರ ಫೋಟೋ ಫೋನಿನಲ್ಲೂ ಇರಲಿ. ಇದುವರೆಗೆ ಬಿದ್ದ ಇಂಜೆಕ್ಷನ್‌ಗಳ ಹೆಸರು ಗೊತ್ತಿಲ್ಲದಿದ್ದರೆ ಹಳೆಯ ಡಾಕ್ಟರಿಗೇ ಫೋನ್ ಮಾಡಿ ಕೇಳಿ ಬರೆದುಕೊಳ್ಳಿ, ಅದರಲ್ಲೂ ಸ್ಟೆರಾಯ್ಡ್ ಯಾವತ್ತು ಬಿತ್ತೆಂಬುದನ್ನು. ಮುಂದಿನ ರಕ್ತಪರೀಕ್ಷೆಯ ಅರ್ಥವೇ ಅದರಿಂದ ಬದಲಾಗುತ್ತದೆ.

ತೂಕ ವಾರಕ್ಕೊಮ್ಮೆ. ಬೆಕ್ಕನ್ನು ಎತ್ತಿಕೊಂಡು ಮನುಷ್ಯರ ತಕ್ಕಡಿ ಮೇಲೆ ನಿಂತು ಕಳೆಯುವ ಲೆಕ್ಕದಲ್ಲಿ ಕಾಲು ಕೆ.ಜಿ.ಯಷ್ಟು ಆಚೀಚೆ ಆಗುತ್ತದೆ. 4 ಕೆ.ಜಿ. ಬೆಕ್ಕು 200 ಗ್ರಾಂ ಕಳೆದುಕೊಂಡರೆ ನೂರಕ್ಕೆ 5 ಪಾಲು ಹೋಯಿತು. ಆ ತಕ್ಕಡಿಯಲ್ಲಿ ಅದು ಕಾಣುವುದೇ ಇಲ್ಲ. 10 ಗ್ರಾಂ ತೋರಿಸುವ ಮಗು ತೂಗುವ ತಕ್ಕಡಿ ಕೊಳ್ಳಿ, ಇಲ್ಲವೇ ಕಿರಾಣಿ ಅಂಗಡಿಯವರ ಡಿಜಿಟಲ್ ತಕ್ಕಡಿಯಲ್ಲಿ ಬುಟ್ಟಿ ಸಮೇತ ತೂಗಿ ಬುಟ್ಟಿಯ ತೂಕ ಕಳೆಯಿರಿ. ಪ್ರತಿ ಸಲ ಅದೇ ತಕ್ಕಡಿ, ಅದೇ ಹೊತ್ತು.

ಇನ್ನೊಂದು, ಉಸಿರು. ಬೆಕ್ಕು ಗಾಢವಾಗಿ ಮಲಗಿದ್ದಾಗ ಪಕ್ಕೆ ಏರಿ ಇಳಿಯುವುದನ್ನು ಒಂದೆಂದು ಎಣಿಸಿ, ಪೂರ್ತಿ ಒಂದು ನಿಮಿಷ. 30ರೊಳಗಿದ್ದರೆ ಸರಿ. ದಿನವೂ 30 ದಾಟುತ್ತಿದ್ದರೆ ಎದೆಯಲ್ಲಿ ನೀರು, ಹೃದಯದ ತೊಂದರೆ, ಅಸ್ತಮಾ ಹೀಗೆ ಏನಾದರೂ ಇರಬಹುದು. ಕೆಮ್ಮು, ವಾಂತಿಗೆ ಮುಂಚಿನ ಒಕ್ಕರಿಕೆ, ನಡೆಯುವಾಗಿನ ಓಲಾಟ ಇವನ್ನು ವಿಡಿಯೋ ಮಾಡಿಡಿ. ಆಸ್ಪತ್ರೆಯ ಮೇಜಿನ ಮೇಲೆ ಬೆಕ್ಕು ಇದ್ಯಾವುದನ್ನೂ ಮಾಡಿ ತೋರಿಸುವುದಿಲ್ಲ.

ಫೋನಿನಲ್ಲಿ ಏನು ಕೇಳಬೇಕು

"ಸಾರ್, ಬೆಕ್ಕು ನೋಡ್ತೀರಾ?" ಎಂದು ಕೇಳಿದರೆ ಎಲ್ಲರೂ "ಹೂಂ, ಕರ್ಕೊಂಬನ್ನಿ" ಎನ್ನುತ್ತಾರೆ. ಆ ಉತ್ತರದಿಂದ ನಿಮಗೇನೂ ತಿಳಿಯದು. ಹೀಗೆ ಕೇಳಿ: "ವಾರಕ್ಕೆ ಎಷ್ಟು ಬೆಕ್ಕು ಬರ್ತವೆ ನಿಮ್ಮತ್ರ? ಕಿಡ್ನಿ ಟೆಸ್ಟ್ ಅಲ್ಲೇ ಆಗುತ್ತಾ, ಹೊರಗೆ ಕಳಿಸ್ತೀರಾ? ರಿಪೋರ್ಟ್ ಯಾವತ್ತು ಸಿಗುತ್ತೆ? ಗಂಡು ಬೆಕ್ಕಿಗೆ ಯೂರಿನ್ ಕಟ್ಟಿದ್ರೆ ಹಾಕೋ ಕ್ಯಾಥೆಟರ್ ಇಟ್ಟಿದ್ದೀರಾ? ಡ್ರಿಪ್ ಹಾಕಿ ಸಂಜೆ ತನಕ ಇಟ್ಕೊಳ್ಳೋಕೆ ಜಾಗ ಇದೆಯಾ?" ಬೆಕ್ಕಿನ ಕ್ಯಾಥೆಟರ್ 3 ಅಥವಾ 3.5 ಫ್ರೆಂಚ್ (ಟ್ಯೂಬಿನ ದಪ್ಪದ ಅಳತೆ) ಗಾತ್ರದ್ದು, ನಾಯಿಗೆ ಬಳಸುವ ಅನೇಕ ಟ್ಯೂಬುಗಳು ಅದಕ್ಕಿಂತ ದಪ್ಪ. ಸದಾ ಇಟ್ಟುಕೊಂಡಿರುವವರು ಹೆಸರು ಕೇಳುತ್ತಲೇ ಹೌದೆನ್ನುತ್ತಾರೆ.

ಬೋರ್ಡಿನ ಮೇಲಿನ ಡಿಗ್ರಿಯನ್ನೂ ಓದಿ. ಬಿ.ವಿ.ಎಸ್ಸಿ. ಅಂಡ್ ಎ.ಎಚ್. ಮೂಲ ಪದವಿ. ಎಂ.ವಿ.ಎಸ್ಸಿ. ಎಂದಿದ್ದರೆ ಯಾವ ವಿಷಯದಲ್ಲಿ ಎಂದು ಕೇಳಬಹುದು, ಅದರಲ್ಲಿ ಸಂಕೋಚವಿಲ್ಲ. ಮೂತ್ರಪಿಂಡ, ಸಕ್ಕರೆಗೆ ಮೆಡಿಸಿನ್. ಕಲ್ಲು, ಹಲ್ಲು, ಗೆಡ್ಡೆಗೆ ಸರ್ಜರಿ. ಕೋಳಿ ಸಾಕಣೆಯಲ್ಲೋ ತಳಿಶಾಸ್ತ್ರದಲ್ಲೋ ಸ್ನಾತಕೋತ್ತರ ಮಾಡಿದವರು ಒಳ್ಳೆಯ ಬೆಕ್ಕಿನ ಡಾಕ್ಟರಾಗಿರಲೂಬಹುದು, ಆದರೆ ಆ ಎಂ.ವಿ.ಎಸ್ಸಿ.ಯೇ ಅದಕ್ಕೆ ಸಾಕ್ಷಿಯಲ್ಲ. ಚೀಟಿಯ ಮೇಲೆ ಪಶುವೈದ್ಯ ಪರಿಷತ್ತಿನ ನೋಂದಣಿ ಸಂಖ್ಯೆ ಇರಬೇಕು. ಮನೆಗೇ ಬಂದು ಸೂಜಿ ಹಾಕಿ ಹೋಗುವವರಲ್ಲಿ ಎಷ್ಟೋ ಮಂದಿ ಡಾಕ್ಟರಲ್ಲ, ಇಲಾಖೆಯ ಪರೀಕ್ಷಕರು ಅಥವಾ ಸಹಾಯಕರು. ದನಕ್ಕೆ ಪ್ರಥಮ ಚಿಕಿತ್ಸೆಗೆ ಅವರು ದೇವರಂತೆ ಒದಗಿಬರುತ್ತಾರೆ. ಬೆಕ್ಕಿನ ಮೂತ್ರಪಿಂಡದ ಔಷಧಿ ನಿರ್ಧರಿಸುವ ಕೆಲಸ ಅವರದಲ್ಲ.

ಸರ್ಕಾರಿ ಆಸ್ಪತ್ರೆಗೆ ಹೋಗುವವರು ಹಿಂದಿನ ದಿನ ಕೇಳಿಕೊಂಡೇ ಹೊರಡಿ. ಕಾಲುಬಾಯಿ ಜ್ವರದ ಲಸಿಕೆ ಅಭಿಯಾನ ನಡೆಯುವಾಗ ಡಾಕ್ಟರು, ಸಿಬ್ಬಂದಿ ಎಲ್ಲರೂ ಹಳ್ಳಿಗಳಲ್ಲಿರುತ್ತಾರೆ. ಸಂತೆ ದಿನ ಬೇಡವೇ ಬೇಡ.

ಮೊದಲ ಭೇಟಿಯಲ್ಲಿ ಕಣ್ಣಿಡಬೇಕಾದ್ದು

ಬುಟ್ಟಿಯಿಂದ ಬೆಕ್ಕನ್ನು ಹೊರತೆಗೆಯುವ ರೀತಿಯಲ್ಲೇ ಅರ್ಧ ಗೊತ್ತಾಗುತ್ತದೆ. ಕತ್ತಿನ ತೊಗಲು ಹಿಡಿದು ಎಳೆದು ಮೇಜಿಗೆ ಒತ್ತಿ ಹಿಡಿಯುವವರು ಒಂದು ಬಗೆ. ಬಾಗಿಲು ತೆರೆದಿಟ್ಟು, ಬಂದಾಗ ಬರಲಿ ಎಂದು ನಿಮ್ಮೊಡನೆ ಮಾತು ಶುರು ಮಾಡಿ, ಅಗತ್ಯ ಬಿದ್ದರೆ ಬುಟ್ಟಿಯ ಮೇಲಿನ ಭಾಗ ಬಿಚ್ಚಿ, ಟವೆಲ್ ಹೊದಿಸಿಕೊಂಡೇ ಪರೀಕ್ಷೆ ಮಾಡುವವರು ಇನ್ನೊಂದು ಬಗೆ. ಹೆದರಿದ ಬೆಕ್ಕಿನ ರಕ್ತದ ಸಕ್ಕರೆ 200 ದಾಟುವುದು ಮಾಮೂಲು, 300ಕ್ಕೂ ಹೋಗುತ್ತದೆ, ರಕ್ತದೊತ್ತಡವೂ ಏರುತ್ತದೆ. ಹಾಗಾಗಿ ಎರಡನೇ ಬಗೆಯವರ ರಿಪೋರ್ಟ್ ಹೆಚ್ಚು ನಂಬಿಕೆಗೆ ಅರ್ಹ. ಒಂದೇ ಒಂದು ಸಕ್ಕರೆ ಪರೀಕ್ಷೆ ನೋಡಿ "ಶುಗರ್ ಬಂದಿದೆ" ಎಂದು ಇನ್ಸುಲಿನ್ ಬರೆದರೆ ಫ್ರಕ್ಟೋಸಮೀನ್ ಪರೀಕ್ಷೆ ಮಾಡಿಸಬಹುದೇ ಎಂದು ಕೇಳಿ. ಹಿಂದಿನ ಒಂದೆರಡು ವಾರದ ಸರಾಸರಿ ಸಕ್ಕರೆಯನ್ನು ಅದು ಹೇಳುತ್ತದೆ, ಆ ಹೊತ್ತಿನ ಹೆದರಿಕೆ ಅದಕ್ಕೆ ತಟ್ಟುವುದಿಲ್ಲ.

ತೂಗದೆ ಔಷಧಿ ಬರೆದರೆ ಅಲ್ಲಿಗೆ ಅಂಕ ಕಳೆಯಿರಿ. ಬಾಯಿ ತೆರೆದು ಒಸಡು, ಹಲ್ಲು ನೋಡಿದರೇ? ಹೊಟ್ಟೆ ಒತ್ತಿ ಎರಡೂ ಮೂತ್ರಪಿಂಡ ಮುಟ್ಟಿ ನೋಡಿದರೇ? ಪರ್ಷಿಯನ್ ಬೆಕ್ಕಾಗಿದ್ದರೆ ವಂಶದಿಂದ ಬರುವ ಮೂತ್ರಪಿಂಡದ ನೀರುಗುಳ್ಳೆಗಳ ಮಾತೆತ್ತಿ ಸ್ಕ್ಯಾನ್ ಮಾಡಿಸೋಣ ಎಂದರೇ? ಏನು ತಿನ್ನಿಸುತ್ತೀರಿ ಎಂದು ವಿವರವಾಗಿ ಕೇಳಿದರೇ? ಹಾಲು ಅನ್ನ, ಒಣಮೀನು ಎಂಬ ಉತ್ತರ ಕೇಳಿ ಸುಮ್ಮನೆ ತಲೆಯಾಡಿಸಿದರೆ ಮೂತ್ರಪಿಂಡದ ಬೆಕ್ಕಿಗೆ ಅವರು ಸರಿಹೋಗುವುದು ಕಷ್ಟ. ಒಣಮೀನಿನಲ್ಲಿ ಉಪ್ಪೂ ರಂಜಕವೂ (ಫಾಸ್ಫರಸ್) ಹೇರಳ. ಈ ಕಾಯಿಲೆಯಲ್ಲಿ ಮೊದಲು ಇಳಿಸಬೇಕಾದ್ದು ರಂಜಕವನ್ನೇ.

"ಇದು ನನಗೆ ಪೂರ್ತಿ ಗೊತ್ತಿಲ್ಲ, ಕೇಳಿ ಹೇಳ್ತೀನಿ" ಎಂದವರನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ.

ಪರೀಕ್ಷೆ, ಮನುಷ್ಯರ ಲ್ಯಾಬು, ಕೆಂಪು ಅಕ್ಷರ

ಸಣ್ಣ ಪಟ್ಟಣಗಳಲ್ಲಿ ಬೆಕ್ಕಿನ ರಕ್ತ ಕೊನೆಗೆ ಹೋಗುವುದು ಮನುಷ್ಯರ ಲ್ಯಾಬಿಗೇ. ಅದು ತಪ್ಪಲ್ಲ, ಓದುವುದರಲ್ಲಿ ಎಚ್ಚರ ಬೇಕು. ಲ್ಯಾಬಿನ ಕಾಗದ ಕ್ರಿಯಾಟಿನಿನ್ (ಮೂತ್ರಪಿಂಡ ಹೊರಹಾಕಬೇಕಾದ ರಕ್ತದ ಕಸ) 1.5 ಎಂದರೆ ಕೆಂಪು ಅಕ್ಷರದಲ್ಲಿ ಹೆಚ್ಚು ಎಂದು ಬರೆಯುತ್ತದೆ, ಏಕೆಂದರೆ ಪಕ್ಕದ ಅಳತೆ ಮನುಷ್ಯರದು. ಬೆಕ್ಕಿನ ಮೂತ್ರಪಿಂಡದ ಕಾಯಿಲೆ ಯಾವ ಹಂತದ್ದೆಂದು ಹೇಳಲು ಬಳಸುವ ಐರಿಸ್ ವರ್ಗೀಕರಣದಲ್ಲಿ 1.6ಕ್ಕಿಂತ ಕೆಳಗಿದ್ದರೆ ಮೊದಲ ಹಂತ, 1.6ರಿಂದ 2.8 ಎರಡನೇ ಹಂತ, 2.9ರಿಂದ 5.0 ಮೂರನೇ ಹಂತ, ಅದಕ್ಕೂ ಮೇಲಿದ್ದರೆ ನಾಲ್ಕನೆಯದು. ಎಲ್ಲವೂ ಡೆಸಿಲೀಟರಿಗೆ ಮಿಲಿಗ್ರಾಂ ಲೆಕ್ಕ. ಬೆಕ್ಕು ನೀರು ಬತ್ತಿಲ್ಲದಿರುವಾಗ, ಎರಡು ಸಲ ನೋಡಿಯೇ ಹಂತ ನಿರ್ಧರಿಸಬೇಕು. ವಾಂತಿಯಾಗಿ ಒಣಗಿದ ದಿನದ 4.0 ನೋಡಿ ಕೈಚೆಲ್ಲಿ ಕೂರುವುದೂ ತಪ್ಪು, ಮೂತ್ರಪಿಂಡದ ಮುಕ್ಕಾಲು ಪಾಲು ಶಕ್ತಿ ಹೋಗುವ ತನಕ ಕ್ರಿಯಾಟಿನಿನ್ ಏರದಿರಬಹುದು ಎಂಬುದನ್ನು ಮರೆತು 1.4 ನೋಡಿ ಆರಾಮಾಗಿ ಇರುವುದೂ ತಪ್ಪು.

ಪ್ಲೇಟ್‌ಲೆಟ್ 20,000 ಎಂದು ಬಂದರೆ ಮನೆಯಲ್ಲಿ ಡೆಂಗಿಯ ಗಾಬರಿ ಶುರುವಾಗುತ್ತದೆ. ಬೆಕ್ಕಿನ ಪ್ಲೇಟ್‌ಲೆಟ್‌ಗಳು ದೊಡ್ಡವು, ಕೆಂಪುಕಣಗಳು ಸಣ್ಣವು. ಮನುಷ್ಯರ ರಕ್ತಕ್ಕೆ ಹೊಂದಿಸಿದ ಯಂತ್ರಕ್ಕೆ ಒಂದನ್ನು ಇನ್ನೊಂದೆಂದು ಎಣಿಸುವ ಚಾಳಿ. ಮೇಲಾಗಿ ತೆಗೆಯುವಾಗ ತಡವಾದರೆ ಬೆಕ್ಕಿನ ಪ್ಲೇಟ್‌ಲೆಟ್ ಬೇಗ ಗುಂಪುಗಟ್ಟುತ್ತದೆ. ಗಾಜಿನ ಮೇಲೆ ರಕ್ತ ಹರಡಿ ಸೂಕ್ಷ್ಮದರ್ಶಕದಲ್ಲಿ ಕಣ್ಣಾರೆ ನೋಡಿ ಎಂದು ಹೇಳುವ ಡಾಕ್ಟರ್ ವಿಷಯ ಬಲ್ಲವರು. ರಕ್ತ ಕೊಡುವಾಗ ನೇರಳೆ ಮುಚ್ಚಳದ ಇಡಿಟಿಎ ಟ್ಯೂಬು ಕಣಗಳ ಎಣಿಕೆಗೆ, ಕೆಂಪು ಅಥವಾ ಹಳದಿ ಮುಚ್ಚಳದ್ದು ಕ್ರಿಯಾಟಿನಿನ್, ರಂಜಕ, ಪೊಟ್ಯಾಸಿಯಂಗೆ, ಬೂದು ಮುಚ್ಚಳದ್ದು ಸಕ್ಕರೆಗೆ. ಎಲ್ಲವನ್ನೂ ಒಂದೇ ಟ್ಯೂಬಿಗೆ ಹಾಕಿ ಮಧ್ಯಾಹ್ನದವರೆಗೆ ಬೈಕಿನ ಡಿಕ್ಕಿಯಲ್ಲಿಟ್ಟರೆ ಕಣಗಳು ಒಡೆದು ರಿಪೋರ್ಟ್ ಕೆಡುತ್ತದೆ, ಸಕ್ಕರೆ ಸುಳ್ಳಾಗಿ ಇಳಿಯುತ್ತದೆ.

ಮೂತ್ರ ಪರೀಕ್ಷೆ ಇಲ್ಲದ ಕಿಡ್ನಿ ಪರೀಕ್ಷೆ ಅರ್ಧ ಮಾತ್ರ. ಮಣ್ಣು, ಮರಳು ಹಾಕದೆ, ತೊಳೆದು ಒಣಗಿಸಿದ ಖಾಲಿ ಟ್ರೇಯನ್ನೋ ಥರ್ಮಾಕೋಲ್ ಮಣಿ ಹಾಕಿದ ಟ್ರೇಯನ್ನೋ ಇಟ್ಟರೆ ಮೂತ್ರ ಹೀರದೆ ನಿಲ್ಲುತ್ತದೆ. ಸಿರಿಂಜಿನಲ್ಲಿ ಎಳೆದು ಕೆಲವೇ ಗಂಟೆಯೊಳಗೆ ತಲುಪಿಸಿ, ತಡವಾಗುವುದಾದರೆ ಫ್ರಿಜ್ಜಿನಲ್ಲಿಡಿ. ಮೂತ್ರದ ಗಾಢತೆಯನ್ನು ರಿಫ್ರ್ಯಾಕ್ಟೋಮೀಟರ್ ಎಂಬ ಉಪಕರಣದಲ್ಲೇ ನೋಡಬೇಕು. ಮನುಷ್ಯರ ಬಣ್ಣದ ಪಟ್ಟಿಯಲ್ಲಿ ಬರುವ ಗಾಢತೆಯ ಅಂಕಿಯನ್ನು, ಬಿಳಿಕಣದ ಚೌಕವನ್ನು ಬೆಕ್ಕಿನ ಮಟ್ಟಿಗೆ ನಂಬುವಂತಿಲ್ಲ. ಗಾಢತೆ 1.035ಕ್ಕಿಂತ ಕಮ್ಮಿ ಮತ್ತೆಮತ್ತೆ ಬಂದರೆ ಮೂತ್ರಪಿಂಡದ ಕಡೆ ಗಮನ ಹರಿಸಬೇಕು. ಸೋಂಕು ಇದೆಯೇ ಎಂದು ತಿಳಿಯಲು ಟ್ರೇಯ ಮೂತ್ರ ಆಗದು. ಡಾಕ್ಟರೇ ಹೊಟ್ಟೆಯ ಮೇಲಿಂದ ಸೂಜಿಯಲ್ಲಿ ಎಳೆಯಬೇಕು. ಕೇಳಲು ಭಯವೆನಿಸಿದರೂ ಕೈ ಪಳಗಿದವರಿಗೆ ಅದು ಕ್ಷಣದ ಕೆಲಸ.

ರಕ್ತದೊತ್ತಡ ನೋಡುವ ಡಾಪ್ಲರ್ ಎಲ್ಲಿದೆ ಎಂದು ಎರಡೂ ಕಡೆ ವಿಚಾರಿಸಿ. 160 ದಾಟಿ ನಿಂತರೆ ಕಣ್ಣಿನ ಪರದೆ ಕಳಚಿ ಬೆಕ್ಕು ಒಂದೇ ರಾತ್ರಿಯಲ್ಲಿ ಕುರುಡಾಗುವುದುಂಟು. ಇದಕ್ಕೆ ಕೊಡುವ ಅಮ್ಲೋಡಿಪಿನ್ ಮಾತ್ರ ಪ್ರತಿ ಮೆಡಿಕಲ್ ಶಾಪಿನಲ್ಲೂ ಸಿಗುತ್ತದೆ: 2.5 ಮಿ.ಗ್ರಾಂ ಮಾತ್ರೆಯ ಕಾಲುಭಾಗ ಸಾಮಾನ್ಯ ಆರಂಭದ ಡೋಸ್, ಡಾಕ್ಟರ್ ಬರೆದ ಮೇಲೆ. ಮಾತ್ರೆ ಕತ್ತರಿಸುವ ಡಬ್ಬಿ ಕೊಳ್ಳಿ. ಚಾಕುವಿನಲ್ಲಿ ಕತ್ತರಿಸಿದ ನಾಲ್ಕು ಚೂರು ಎಂದೂ ಸಮ ಇರುವುದಿಲ್ಲ.

ಚೀಟಿ ನೋಡಿ ಡಾಕ್ಟರನ್ನು ಅಳೆಯುವುದು

ಬೆಕ್ಕಿನ ಯಕೃತ್ತು ಕೆಲವು ಔಷಧಿಗಳನ್ನು ನಾಯಿಯಂತೆ, ನಮ್ಮಂತೆ ಕರಗಿಸಲಾರದು. ಬೆಕ್ಕು ಬಲ್ಲವರ ಚೀಟಿಯಲ್ಲಿ ಕೆಳಗಿನವು ಕಾಣುವುದಿಲ್ಲ, ಕಂಡರೆ ಅಲ್ಲಿಂದ ಹೊರಡಿ.

ಪ್ಯಾರಾಸಿಟಮಾಲ್ ಯಾವ ರೂಪದಲ್ಲೂ ಇಲ್ಲ, ಮಕ್ಕಳ ಸಿರಪ್ಪೂ ಇಲ್ಲ. ಒಂದೇ ಮಾತ್ರೆ ಬೆಕ್ಕನ್ನು ಕೊಲ್ಲಬಲ್ಲದು. ಐಬುಪ್ರೊಫೆನ್, ಡೈಕ್ಲೊಫೆನಾಕ್ ಇಲ್ಲ. ಮಲಬದ್ಧತೆಗೆ ಮೆಡಿಕಲ್ ಶಾಪಿನ ಫಾಸ್ಫೇಟ್ ಎನಿಮಾ ಇಲ್ಲ, ಅದೂ ಮಾರಕ. ನಾಯಿಗೆ ಹಾಕುವ ಪರ್ಮೆಥ್ರಿನ್ ಇರುವ ಉಣ್ಣೆ ಔಷಧಿ ಇಲ್ಲ. ಮಲೆನಾಡಿನಲ್ಲಿ ಮಂಗನ ಕಾಯಿಲೆಯ ದೆಸೆಯಿಂದ ಉಣ್ಣೆಯ ಭಯ ಜಾಸ್ತಿ, ನಾಯಿಗೆ ತಂದ ಹನಿಯನ್ನೇ ಬೆಕ್ಕಿನ ಬೆನ್ನಿಗೂ ಬಿಟ್ಟು ನಡುಕ, ಸೆಳವು ಬಂದ ಮೇಲೆ ಆಸ್ಪತ್ರೆಗೆ ಓಡುವುದು ಇದ್ದದ್ದೇ. ಎನ್ರೋಫ್ಲಾಕ್ಸಸಿನ್ ಕೊಡಬಹುದು, ಆದರೆ ದಿನಕ್ಕೆ ಕೆ.ಜಿ.ಗೆ 5 ಮಿ.ಗ್ರಾಂ ಮೀರಿದರೆ ದೃಷ್ಟಿಗೆ ಅಪಾಯ. ಡಾಕ್ಸಿಸೈಕ್ಲಿನ್ ಮಾತ್ರೆ ಬರೆದರೆ "ಮೇಲೆ 5 ಎಂ.ಎಲ್. ನೀರು ಕುಡಿಸಿ" ಎಂದೂ ಹೇಳಬೇಕು; ಒಣ ಮಾತ್ರೆ ಅನ್ನನಾಳದಲ್ಲಿ ಸಿಕ್ಕಿಕೊಂಡು ಸುಟ್ಟು ನಾಳವೇ ಕಿರಿದಾಗುತ್ತದೆ. ಮೂತ್ರಪಿಂಡದ ಬೆಕ್ಕಿಗೆ ನೋವಿಗೆಂದು ದಿನಗಟ್ಟಲೆ ಮೆಲಾಕ್ಸಿಕಾಮ್ ಬರೆದಿದ್ದರೆ ಏಕೆ, ಎಷ್ಟು ದಿನ ಎಂದು ಬಾಯಿಬಿಟ್ಟು ಕೇಳಲೇಬೇಕು.

ಹೊಸದನ್ನು ಓದುವವರೇ ಎಂದು ತಿಳಿಯಬೇಕಾದರೆ ಎಫ್‌ಐಪಿ ಬಗ್ಗೆ ಕೇಳಿ ನೋಡಿ. ಹೊಟ್ಟೆಯಲ್ಲಿ ನೀರು ತುಂಬಿ ಎಳೆಯ ಬೆಕ್ಕುಗಳು ಸಾಯುತ್ತಿದ್ದ ಈ ಕಾಯಿಲೆಗೆ ಹಿಂದೆ ಚಿಕಿತ್ಸೆಯೇ ಇರಲಿಲ್ಲ. ಈಗ ಜಿಎಸ್-441524 ಎಂಬ ಔಷಧಿಯನ್ನು 84 ದಿನ ಕೊಟ್ಟು ಹೆಚ್ಚಿನವನ್ನು ಉಳಿಸುತ್ತಿದ್ದಾರೆ. ಇವತ್ತಿಗೂ "ಎಫ್‌ಐಪಿನಾ, ಏನೂ ಮಾಡೋಕಾಗಲ್ಲ ಬಿಡಿ" ಎಂದರೆ ಅವರ ಓದು ನಿಂತಿದೆ ಎಂದರ್ಥ.

ಕಲಿಸುವವರೇ ಬೇಕು

ಮೂತ್ರಪಿಂಡದ ಬೆಕ್ಕಿಗೆ ಚರ್ಮದಡಿ ನೀರು ಕೊಡಲು ವಾರಕ್ಕೆ ಮೂರು ಸಲ ಬೇಲೂರಿನಿಂದ ಹಾಸನಕ್ಕೆ ಹೋಗಿಬರುವುದು ಬೆಕ್ಕಿಗೂ ಹಿಂಸೆ, ನಿಮಗೂ ಆಗದ ಮಾತು. "ಮನೇಲಿ ಕೊಡೋದು ಹೇಳಿಕೊಡ್ತೀರಾ?" ಎಂಬ ಪ್ರಶ್ನೆಗೆ ಬರುವ ಉತ್ತರವೇ ಡಾಕ್ಟರ್ ಆಯ್ಕೆಯನ್ನು ಬಹುಮಟ್ಟಿಗೆ ಮುಗಿಸುತ್ತದೆ. ಒಪ್ಪಿದವರು ಕಲಿಸಬೇಕಾದ್ದು ಇಷ್ಟು. ರಿಂಗರ್ ಲ್ಯಾಕ್ಟೇಟ್ 500 ಎಂ.ಎಲ್. ಬಾಟಲಿ, ಡ್ರಿಪ್ ಸೆಟ್, 18 ಅಥವಾ 20 ಗೇಜಿನ ಸೂಜಿ. ಇನ್ನೂ ಸಣ್ಣ ಸೂಜಿಯಾದರೆ ನೋವು ಕಮ್ಮಿಯಾದರೂ ನೀರು ಇಳಿಯುವಷ್ಟರಲ್ಲಿ ಬೆಕ್ಕಿನ ತಾಳ್ಮೆ ಮುಗಿಯುತ್ತದೆ. ಬಾಟಲಿಯನ್ನು ಬಿಸಿನೀರಿನ ಪಾತ್ರೆಯಲ್ಲಿಟ್ಟು ಉಗುರುಬೆಚ್ಚಗೆ ಮಾಡಿ, ಮುಂಗೈಗೆ ಎರಡು ಹನಿ ಬಿಟ್ಟು ನೋಡಿ, ಗೋಡೆಯ ಮೊಳೆಗೆ ಎತ್ತರದಲ್ಲಿ ತೂಗುಹಾಕಿ. ಟ್ಯೂಬಿನೊಳಗಿನ ಗಾಳಿಯನ್ನು ಹೊರಬಿಡಿ. ಭುಜಗಳ ನಡುವಿನ ತೊಗಲನ್ನು ಹೆಬ್ಬೆರಳು, ನಡುಬೆರಳಲ್ಲಿ ಗುಡಾರದಂತೆ ಎತ್ತಿ, ತೋರುಬೆರಳಿನಿಂದ ತುದಿ ಒತ್ತಿದಾಗ ಆಗುವ ಕುಳಿಗೆ ಬೆನ್ನಿಗೆ ಸಮಾನಾಂತರವಾಗಿ ಸೂಜಿ ಹಾಕಿ. ತುಪ್ಪಳ ಒದ್ದೆಯಾದರೆ ಸೂಜಿ ಆಚೆಬದಿ ಹಾದುಹೋಗಿದೆ. 4 ಕೆ.ಜಿ. ಬೆಕ್ಕಿಗೆ ಸಾಮಾನ್ಯವಾಗಿ ಒಂದು ಸಲಕ್ಕೆ 100 ಎಂ.ಎಲ್. ಆಸುಪಾಸು, ಡಾಕ್ಟರ್ ಹೇಳಿದಷ್ಟೇ. ಬೆನ್ನಮೇಲೆ ಎದ್ದ ಉಬ್ಬು ಮುಂಗಾಲಿನತ್ತ ಜಾರಿ ಕೆಲವು ಗಂಟೆಗಳಲ್ಲಿ ಇಂಗುತ್ತದೆ. ಮರುದಿನವೂ ಇದ್ದರೆ, ಉಸಿರು ಜಾಸ್ತಿಯಾದರೆ ಮುಂದಿನ ಡೋಸ್ ನಿಲ್ಲಿಸಿ ಫೋನ್ ಮಾಡಿ. ಹೃದಯದ ತೊಂದರೆ ಇರುವ ಬೆಕ್ಕಿಗೆ ಇದು ಅಪಾಯ, ಶುರು ಮಾಡುವ ಮುನ್ನ ಎದೆ ಆಲಿಸಿರಬೇಕು. ಡೆಕ್ಸ್‌ಟ್ರೋಸ್ ಬೆರೆತ ಬಾಟಲಿ ಚರ್ಮದಡಿಗೆ ಬೇಡ. ಬಾಟಲಿಗಳೆಲ್ಲ ಒಂದೇ ಥರ ಕಾಣುತ್ತವೆ, ಲೇಬಲ್ ಓದಿಯೇ ತನ್ನಿ.

ಇನ್ಸುಲಿನ್ ವಿಷಯದಲ್ಲಿ ಆಗುವ ದೊಡ್ಡ ಅನಾಹುತ ಸಿರಿಂಜಿನದು. ನಮ್ಮ ಅಂಗಡಿಗಳಲ್ಲಿ ಎಂ.ಎಲ್.ಗೆ 40 ಯೂನಿಟ್ಟಿನ ಸೀಸೆಯೂ ಇದೆ, 100ರದ್ದೂ ಇದೆ. ಕೆಂಪು ಮುಚ್ಚಳದ ಸಿರಿಂಜು 40ಕ್ಕೆ, ಕಿತ್ತಳೆ ಮುಚ್ಚಳದ್ದು 100ಕ್ಕೆ. 100ರ ಇನ್ಸುಲಿನ್ನನ್ನು 40ರ ಸಿರಿಂಜಿನಲ್ಲಿ ಎಳೆದರೆ ಬೀಳುವುದು ಎರಡೂವರೆ ಪಟ್ಟು. ಬೆಕ್ಕಿನ ಆರಂಭದ ಡೋಸ್ ಒಂದು ಯೂನಿಟ್ಟಿನ ಆಸುಪಾಸಿನದು, ಎರಡೂವರೆ ಪಟ್ಟೆಂದರೆ ಪ್ರಾಣಕ್ಕೇ ಸಂಚಕಾರ. ಸೀಸೆ, ಸಿರಿಂಜು ಎರಡನ್ನೂ ಡಾಕ್ಟರ ಮುಂದಿಟ್ಟು, ಮೊದಲ ಡೋಸನ್ನು ಅವರೆದುರಿಗೇ ನೀವೇ ಎಳೆದು ತೋರಿಸಿ. ಅಷ್ಟಕ್ಕೆ ಹೊತ್ತು ಕೊಡದವರು ಇನ್ಸುಲಿನ್ ಬರೆಯಬಾರದು. ಬೆಕ್ಕು ತೂರಾಡಿದರೆ, ಕುಸಿದರೆ ಒಸಡಿಗೆ ಜೇನುತುಪ್ಪ ಸವರಿ ಹೊರಡಿ.

ದಾರಿ, ಮಳೆ

ಮೇಲಿನಿಂದಲೂ ತೆರೆಯುವ ಗಟ್ಟಿ ಬುಟ್ಟಿ, ಒಳಗೆ ಮನೆಯ ಹಳೇ ಬಟ್ಟೆ, ಮೇಲೆ ಟವೆಲ್. ಕಾರಾದರೆ ಮುಂದಿನ ಸೀಟಿನ ಹಿಂದೆ ಕೆಳಗಡೆ ಇಡಿ, ತಿರುವುಗಳಲ್ಲಿ ಉರುಳುವುದಿಲ್ಲ. ಬಸ್ಸಾದರೆ ಮೊದಲ ಬಸ್ಸು. ಬಹಳ ಹೆದರುವ ಬೆಕ್ಕಿಗೆ ಹೊರಡುವ ಎರಡು ಗಂಟೆ ಮೊದಲು ಗ್ಯಾಬಪೆಂಟಿನ್ ಕೊಡುವ ರೂಢಿಯಿದೆ. ಮೂತ್ರಪಿಂಡ ಸೋತಿದ್ದರೆ ಡೋಸ್ ಇಳಿಸಬೇಕು, ಆದ್ದರಿಂದ ಕೇಳದೆ ಬೇಡ. ಸಕ್ಕರೆ ಕಾಯಿಲೆಯ ಬೆಕ್ಕನ್ನು ಉಪವಾಸ ಕೆಡವಿ ಕರೆತರಬೇಕೇ ಎಂಬುದನ್ನೂ ಮೊದಲೇ ಕೇಳಿ.

ಜೂನ್ ಬರುವ ಮುನ್ನ ಒಂದು ತಿಂಗಳ ಔಷಧಿ, ಡ್ರಿಪ್ ಬಾಟಲಿ, ಸೂಜಿ, ಕಿಡ್ನಿ ಆಹಾರ ಮನೆಗೆ ಬಂದಿರಲಿ. ಮರ ಬಿದ್ದು ಎರಡು ದಿನ ಕರೆಂಟ್ ಹೋದರೆ ಬಳಸುತ್ತಿರುವ ಇನ್ಸುಲಿನ್ ಮಲೆನಾಡಿನ ಮಳೆಗಾಲದ ತಂಪಿನಲ್ಲಿ ಕೆಡುವುದಿಲ್ಲ, ಒಲೆ ಇರುವ ಕೋಣೆಯಲ್ಲಿ ಮಾತ್ರ ಇಡಬೇಡಿ. ಐಸಿಗೆ ತಾಗಿ ಹೆಪ್ಪುಗಟ್ಟಿದರೆ ಎಸೆಯಬೇಕು.

ಡಾಕ್ಟರನ್ನು ಬದಲಿಸಬೇಕಾದಾಗ

ಮೂರು ಭೇಟಿಯಾದರೂ ಕಾಯಿಲೆಯ ಹೆಸರಿಲ್ಲ, ಪರೀಕ್ಷೆಯಿಲ್ಲ, ಪ್ರತಿ ಸಲ ಬೇರೆ ಇಂಜೆಕ್ಷನ್. ರಿಪೋರ್ಟ್ ಪ್ರತಿ ಕೊಡಲು ತಕರಾರು. "ಬೆಕ್ಕಿಗೆ ಇಷ್ಟೆಲ್ಲ ಯಾಕೆ" ಎಂಬ ಮಾತು. ಇವುಗಳಲ್ಲಿ ಯಾವುದಾದರೂ ಒಂದು ಸಾಕು, ಬದಲಿಸಲು. ಕ್ರಿಯಾಟಿನಿನ್ ಇಳಿಯಲಿಲ್ಲ ಎಂಬುದು ಮಾತ್ರ ಕಾರಣವಾಗದು. ಸೋತ ಮೂತ್ರಪಿಂಡ ಮತ್ತೆ ಚಿಗುರುವುದಿಲ್ಲ. ತೂಕ ನಿಂತಿದೆಯೇ, ತಿನ್ನುತ್ತಿದೆಯೇ, ವಾಂತಿ ಕಮ್ಮಿಯೇ ಎಂದು ನೋಡಿ ತೀರ್ಮಾನಿಸಿ.

ಜಗಳವಾಡಿ ಮಾತ್ರ ಬರಬೇಡಿ. ಚಿಕ್ಕಮಗಳೂರಿನಂಥ ಊರಿನಲ್ಲಿ ಬೆಕ್ಕು ಮುಟ್ಟುವ ಡಾಕ್ಟರುಗಳು ಕೆಲವೇ ಮಂದಿ, ರಾತ್ರಿ ಹತ್ತಕ್ಕೆ ಫೋನ್ ಎತ್ತುವವರು ಅವರಲ್ಲೇ ಒಬ್ಬರು. ಗಂಡು ಬೆಕ್ಕು ಟ್ರೇಗೆ ಪದೇಪದೇ ಹೋಗಿ ಮುಕ್ಕರಿದು ಒಂದು ಹನಿಯೂ ಬಾರದೆ ಕೂಗಿದರೆ ಅದನ್ನು ಮಲಬದ್ಧತೆ ಎಂದುಕೊಂಡು ಹರಳೆಣ್ಣೆ ಕುಡಿಸುತ್ತಾ ಬೆಳಗಾಗುವ ತನಕ ಕಾಯುವಂತಿಲ್ಲ; ಒಂದು ದಿನ ದಾಟಿದರೆ ಪೊಟ್ಯಾಸಿಯಂ ಏರಿ ಹೃದಯವೇ ನಿಲ್ಲಬಹುದು. ಬಾಯಿ ತೆರೆದು ಉಸಿರಾಡುವ ಬೆಕ್ಕು, ಹಿಂಗಾಲು ಎಳೆಯುತ್ತಾ ಅರಚುವ ಬೆಕ್ಕು, ಎರಡು ದಿನ ಏನೂ ತಿನ್ನದ ದಪ್ಪ ಬೆಕ್ಕು ಇವೂ ಅದೇ ಸಾಲಿನವು. ಆ ಹೊತ್ತಿಗೆ ಬಿಟ್ಟುಬಂದ ಡಾಕ್ಟರ ಮನೆ ಬಾಗಿಲನ್ನೇ ತಟ್ಟಬೇಕಾಗಬಹುದು. ಫ್ರಿಜ್ಜಿನ ಬಾಗಿಲಿಗೆ ಒಂದು ಚೀಟಿ ಅಂಟಿಸಿ: ಕಾಯಿಲೆಯ ಹೆಸರು, ಕೊನೆಯ ತೂಕ, ಕೊನೆಯ ಕ್ರಿಯಾಟಿನಿನ್ ಮತ್ತು ದಿನಾಂಕ, ಈಗಿನ ಔಷಧಿಗಳು ಡೋಸ್ ಸಮೇತ, ಕೊಡಬಾರದ ಔಷಧಿಗಳು, ಹತ್ತಿರದವರ ಮತ್ತು ದೂರದವರ ನಂಬರು. ನೀವು ಊರಲ್ಲಿಲ್ಲದ ದಿನ ಪಕ್ಕದ ಮನೆಯವರು ಆ ಚೀಟಿಯ ಫೋಟೋ ತೆಗೆದು ಕಳಿಸಿದರೂ ಡ್ಯೂಟಿಯಲ್ಲಿರುವ ಡಾಕ್ಟರ್ ಚಿಕಿತ್ಸೆ ಶುರು ಮಾಡುವಂತಿರಬೇಕು.